ಒಂದು ಹಳ್ಳದ ಜಮಾ-ಖರ್ಚು: ಕಾನಿನಿಂದ ಕೆರೆಯ ಕೋಡಿಯವರೆಗೆ ನೀರನ್ನೂ ಪೋಷಕಾಂಶವನ್ನೂ ಅಳೆಯುವ ಬಗೆ

ಮಲೆನಾಡಿನಲ್ಲಿ ಆರಿದ್ರಾ ಮಳೆ ಹಿಡಿದ ಎರಡನೆಯ ದಿನ ಸಂಕದ (ಕಾಲುಸೇತುವೆಯ) ಮೇಲೆ ನಿಂತು ಬಗ್ಗಿ ನೋಡಿದರೆ ಕೆಳಗೆ ಹಳ್ಳ ಹಾಲು ಹಾಕಿದ ಚಹಾದ ಬಣ್ಣದಲ್ಲಿ ಓಡುತ್ತಿರುತ್ತದೆ. 'ಹಳ್ಳ ಕೆಂಪಾಯಿತು' ಎಂದು ಹೇಳಿ ಎಲ್ಲರೂ ದಾಟಿ ಹೋಗುತ್ತಾರೆ. ಆ ಕೆಂಪಿನಲ್ಲಿ ಯಾರದೋ ಬ್ಯಾಣದ (ಹುಲ್ಲುಗಾವಲಿನ) ಮೇಲ್ಮಣ್ಣಿದೆ, ಯಾರದೋ ತೋಟದ ಗೊಬ್ಬರವಿದೆ, ಕಾನಿನ, ಅಂದರೆ ನಿತ್ಯಹರಿದ್ವರ್ಣ ಕಾಡಿನ, ದರಕು (ಉದುರಿದ ಒಣಎಲೆ) ಕೊಳೆತು ಬಿಟ್ಟ ಸಾರವಿದೆ. ಯಾವುದು ಎಷ್ಟು, ಕೆಳಗಿನ ಕೆರೆ ಅದರಲ್ಲಿ ಎಷ್ಟನ್ನು ಹಿಡಿದಿಟ್ಟುಕೊಂಡು ಎಷ್ಟನ್ನು ಕೋಡಿಯಿಂದಾಚೆ ಬಿಟ್ಟಿತು ಎಂದು ಕೇಳಿದರೆ ಮಾತ್ರ ಊರಿನಲ್ಲಿ ಯಾರ ಬಳಿಯೂ ಉತ್ತರವಿರುವುದಿಲ್ಲ. ಅಳೆದವರಿಲ್ಲ, ಅಷ್ಟೇ.

ಅಳೆಯುವುದು ಕಷ್ಟವೇನಲ್ಲ. ಶಾಲೆಯ ಮೇಷ್ಟರು, ಪದವಿ ತರಗತಿಯ ನಾಲ್ಕು ವಿದ್ಯಾರ್ಥಿಗಳು, ತೋಟದ ಮಾಲೀಕರೊಬ್ಬರು ಸೇರಿದರೆ ಒಂದು ವರ್ಷದಲ್ಲಿ ಒಂದು ಹಳ್ಳದ ಲೆಕ್ಕವನ್ನು ಅಂಗಡಿಯ ಖಾತೆ ಪುಸ್ತಕದಷ್ಟೇ ಸ್ಪಷ್ಟವಾಗಿ ಬರೆಯಬಹುದು. ನಾನು ಪಟ್ಟು ಹಿಡಿದು ಹೇಳುವುದು ಒಂದೇ ಮಾತು: ನೀರಿನ ಗುಣ ಪರೀಕ್ಷಿಸುವ ಮೊದಲು ನೀರಿನ ಪ್ರಮಾಣ ಅಳೆಯಿರಿ. ಬಾಟಲಿಯಲ್ಲಿ ನೀರು ಹಿಡಿದು ಪ್ರಯೋಗಾಲಯಕ್ಕೆ ಕಳಿಸುವ ಉತ್ಸಾಹ ಎಲ್ಲರಿಗೂ ಇರುತ್ತದೆ. ಅಲ್ಲಿಂದ ಬರುವ 'ಲೀಟರಿಗೆ ಇಷ್ಟು ಮಿಲಿಗ್ರಾಂ' ಎಂಬ ಅಂಕಿ ಬರೀ ದರ. ಎಷ್ಟು ಲೀಟರ್ ಹರಿಯಿತು ಎಂಬುದು ಗೊತ್ತಿಲ್ಲದೆ ದರ ಇಟ್ಟುಕೊಂಡು ಯಾವ ವ್ಯಾಪಾರದ ಲೆಕ್ಕವೂ ಆಗುವುದಿಲ್ಲ.

ಹಳ್ಳ ಆರಿಸಿಕೊಳ್ಳುವುದು

ನದಿಗೆ ಕೈ ಹಾಕಬೇಡಿ. ನೂರು ಹೆಕ್ಟೇರ್ ಆಸುಪಾಸಿನಲ್ಲಿ ಬಿದ್ದ ಮಳೆಯನ್ನು ಒಂದೇ ಬಾಯಿಂದ ಹೊರಬಿಡುವ ಪುಟ್ಟ ಹಳ್ಳ ಸಾಕು. ಸಿರಸಿ, ಸಿದ್ದಾಪುರ, ಸಾಗರದ ಕಡೆ ಇಂಥವು ಪ್ರತಿ ಊರಿಗೂ ಒಂದೆರಡಿವೆ. ಮೇಲೆ ಕಾನು, ಅದರ ಕೆಳಗೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟ, ಕಣಿವೆಯಲ್ಲಿ ಅಡಿಕೆ ತೋಟ, ನಂತರ ಗದ್ದೆ, ಕೊನೆಗೆ ಕೆರೆ ಅಥವಾ ಜವುಗು ಎಂಬ ಕ್ರಮ ಸಿಕ್ಕರೆ ಅದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ.

ಇಡೀ ಜಲಾನಯನವನ್ನೇ, ಅಂದರೆ ಒಂದು ಹಳ್ಳಕ್ಕೆ ನೀರು ಹರಿಸುವ ನೆಲವನ್ನೆಲ್ಲ, ಒಂದು ಪ್ರಯೋಗದ ಪಾತ್ರೆಯಂತೆ ನೋಡುವ ಈ ವಿಧಾನ ಹೆಸರಾದದ್ದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಹಬರ್ಡ್ ಬ್ರೂಕ್ ಕಾಡಿನಲ್ಲಿ. 1960ರ ದಶಕದಲ್ಲಿ ಅಲ್ಲಿನ ಒಂದು ಪುಟ್ಟ ಜಲಾನಯನದ ಮರಗಳನ್ನೆಲ್ಲ ಕಡಿದು ಅಲ್ಲಿಯೇ ಬಿಟ್ಟರು, ಮತ್ತೆ ಚಿಗುರದಂತೆ ಕಳೆನಾಶಕ ಸಿಂಪಡಿಸಿದರು. ಮೊದಲ ವರ್ಷ ತೊರೆಯ ಹರಿವು ಶೇ 40ರ ಹತ್ತಿರ ಹೆಚ್ಚಿತು. ಅದಕ್ಕಿಂತ ದೊಡ್ಡ ಸುದ್ದಿ ನೈಟ್ರೇಟ್‌ನದು. ಬೇರುಗಳು ಹೀರಿಕೊಳ್ಳುತ್ತಿದ್ದ ಸಾರಜನಕವೆಲ್ಲ ತೊರೆಗೆ ಇಳಿದು, ನೀರಿನ ನೈಟ್ರೇಟ್ ಕುಡಿಯುವ ನೀರಿನ ಮಿತಿಯನ್ನೂ ದಾಟಿತು. ನೀವು ಮರ ಕಡಿಯಬೇಕಾಗಿಲ್ಲ. ನಮ್ಮ ಹಳ್ಳದ ಉದ್ದಕ್ಕೂ ಕಾನು, ಬೆಟ್ಟ, ತೋಟ, ಗದ್ದೆ ಒಂದರ ಕೆಳಗೊಂದು ಇರುವುದರಿಂದ ಹೋಲಿಕೆ ತಾನಾಗಿಯೇ ಸಿಗುತ್ತದೆ.

ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ನಕ್ಷೆ ತೆಗೆದುಕೊಂಡು ಹಳ್ಳದ ಬಾಯಿಯಿಂದ ಶುರುಮಾಡಿ ಎರಡೂ ಕಡೆಯ ದಿಬ್ಬದ ನೆತ್ತಿ ಹಿಡಿದು ಗೆರೆ ಎಳೆಯಿರಿ. ಸಮೋನ್ನತಿ ರೇಖೆ (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆ) ಬಾಣದಂತೆ ಬಾಗಿದ್ದು, ತುದಿ ಎತ್ತರದ ಕಡೆಗೆ ಚಾಚಿದ್ದರೆ ಅದು ಹಳ್ಳ. ತಗ್ಗಿನ ಕಡೆಗೆ ಚಾಚಿದ್ದರೆ ದಿಬ್ಬ. ಗೆರೆ ಎಳೆದ ಮೇಲೆ ಒಮ್ಮೆ ಅದರ ಗುಂಟ ನಡೆದು ಬನ್ನಿ. ನಕ್ಷೆಯಲ್ಲಿ ಕಾಣದ ಕಾಲುವೆಯೊಂದು ಪಕ್ಕದ ಕಣಿವೆಯ ನೀರನ್ನು ನಿಮ್ಮ ಹಳ್ಳಕ್ಕೆ ತಂದು ಸುರಿಯುತ್ತಿರಬಹುದು. ಹಳೆಯ ತೋಟಗಳಲ್ಲಿ ಇದು ತೀರಾ ಮಾಮೂಲು.

ನೀರು ಹಿಡಿಯಲು ನಾಲ್ಕು ಜಾಗ ಗುರುತಿಸಿ: ಕಾನಿನ ಬುಡ, ತೋಟದ ಬಸಿಗಾಲುವೆ ಹಳ್ಳಕ್ಕೆ ಸೇರಿದ ನಂತರದ ಜಾಗ, ಹಳ್ಳ ಬಂದು ಸೇರುವ ಕೆರೆಯ ಬಾಯಿ, ಕೆರೆಯ ಕೋಡಿ. ಬೇಸಿಗೆಯಲ್ಲಿ ಕೋಡಿ ಹರಿಯದಿದ್ದಾಗ ತೂಬಿನ ನೀರು ಹಿಡಿಯಿರಿ.

ಕಾಡಿಗೆ ಹೋಗುವ ಮುನ್ನ ಅರಣ್ಯ ಇಲಾಖೆಯ ಅನುಮತಿ ಪತ್ರ ಕೈಯಲ್ಲಿರಲಿ. ಮಳೆಗಾಲದ ಉಂಬಳಕ್ಕೆ (ಜಿಗಣೆಗೆ) ಸುಣ್ಣ-ಹೊಗೆಸೊಪ್ಪು ಸಾಕು. ಹೆದರಬೇಕಾದದ್ದು ಡಿಸೆಂಬರಿನಿಂದ ಮೇವರೆಗಿನ ಉಣುಗಿಗೆ. ಉಣುಗು ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. ಇದು ಅದೇ ಸೀಮೆ. ಆರೋಗ್ಯ ಇಲಾಖೆ ಕೊಡುವ ತೈಲ ಹಚ್ಚಿಕೊಂಡು, ಮೈ ತುಂಬ ಬಟ್ಟೆ ತೊಟ್ಟು ಹೋಗಿ. ಮಂಗ ಸತ್ತು ಬಿದ್ದ ಸುದ್ದಿ ಬಂದರೆ ಕಾನಿನ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ.

ಜಮಾ ಕಡೆಯ ಮೊದಲ ಬಾಬು: ಮಳೆ

ಇಪ್ಪತ್ತು ಸೆಂಟಿಮೀಟರ್ ಅಡ್ಡಗಲದ ಆಲಿಕೆಯೊಂದನ್ನು ಕ್ಯಾನಿನ ಬಾಯಿಗೆ ಸಿಕ್ಕಿಸಿದರೆ ಮಳೆಮಾಪಕ ಸಿದ್ಧ. ಆ ಆಲಿಕೆಯ ಬಾಯಿಯ ವಿಸ್ತೀರ್ಣ 314 ಚದರ ಸೆಂಟಿಮೀಟರ್. ಹಾಗಾಗಿ ಕ್ಯಾನಿನಲ್ಲಿ ಸಿಕ್ಕ ಮಿಲಿಲೀಟರನ್ನು 31.4ರಿಂದ ಭಾಗಿಸಿದರೆ ಮಳೆ ಎಷ್ಟು ಮಿಲಿಮೀಟರ್ ಎಂಬುದು ಬರುತ್ತದೆ. ಇಂಟರ್ನೆಟ್ಟಿನ ಚಿತ್ರ ನೋಡಿ ಎರಡು ಲೀಟರಿನ ಬಾಟಲಿ ಇಟ್ಟವರು ಜುಲೈನಲ್ಲಿ ಕೈ ಸುಟ್ಟುಕೊಳ್ಳುತ್ತಾರೆ. ಒಂದೇ ದಿನ 200 ಮಿಲಿಮೀಟರ್ ಸುರಿದರೆ ಆ ಆಲಿಕೆಯಿಂದ ಆರು ಲೀಟರಿಗೂ ಹೆಚ್ಚು ನೀರು ಇಳಿಯುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಆಗುಂಬೆಯಂಥ ಜಾಗವಿರಲಿ, ನಮ್ಮ ಕಡೆಯೂ ಹತ್ತು ಲೀಟರಿನ ಕ್ಯಾನ್ ಬೇಕು.

ದಿನವೂ ಬೆಳಿಗ್ಗೆ 8.30ಕ್ಕೆ ಅಳೆಯಿರಿ. ಹವಾಮಾನ ಇಲಾಖೆಯ ದಿನ ಶುರುವಾಗುವುದೂ ಅದೇ ಹೊತ್ತಿಗೆ, ಹೀಗಾಗಿ ಅವರ ಅಂಕಿಯ ಜೊತೆ ಹೋಲಿಸಬಹುದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದೆ. ನಿಮ್ಮ ಪಂಚಾಯಿತಿಯ ಅಂಕಿಯನ್ನೂ ಪಕ್ಕದಲ್ಲಿ ಬರೆದುಕೊಳ್ಳುತ್ತಾ ಹೋಗಿ. ಎರಡೂ ಒಂದೇ ಬರಬೇಕೆಂದಿಲ್ಲ. ಒಂದು ಗುಡ್ಡದ ಆಚೆಗೆ ಬೇರೆಯೇ ಮಳೆ.

ಬಯಲಿನ ಮಳೆಯೂ ಕಾನಿನೊಳಗೆ ನೆಲ ಮುಟ್ಟುವ ಮಳೆಯೂ ಬೇರೆ ಬೇರೆ. ಎಲೆಯ ಮೇಲೆ ನಿಂತು ಆರಿದ ನೀರು ಕೆಳಗೆ ಬರುವುದೇ ಇಲ್ಲ. ಬಂದ ನೀರು ಎಲೆಯ ಧೂಳನ್ನೂ ಪೊಟ್ಯಾಶಿಯಮ್ಮನ್ನೂ ತೊಳೆದುಕೊಂಡು ಬರುತ್ತದೆ. ಇದನ್ನು ಹಿಡಿಯಲು ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ಒಂದು ಮೀಟರ್ ಉದ್ದ, ಹತ್ತು ಸೆಂಟಿಮೀಟರ್ ಅಗಲದ ದೋಣಿಗಳನ್ನು ಮಾಡಿಕೊಳ್ಳಿ. ಒಂದು ದೋಣಿಯಲ್ಲಿ ಒಂದು ಲೀಟರ್ ಸಿಕ್ಕರೆ ಹತ್ತು ಮಿಲಿಮೀಟರ್ ಎಂದರ್ಥ. ಒಂದೇ ದೋಣಿ ಇಟ್ಟರೆ ಮೇಲಿನ ಕೊಂಬೆಯ ತೊಟ್ಟಿಕ್ಕುವ ತುದಿಯೇ ನಿಮ್ಮ ಲೆಕ್ಕವಾಗಿಬಿಡುತ್ತದೆ. ಹತ್ತಾದರೂ ಬೇಕು, ವಾರಕ್ಕೊಮ್ಮೆ ಜಾಗ ಬದಲಿಸಬೇಕು. ತೋಟದಲ್ಲಾದರೆ ಅಡಿಕೆ ಮರದ ಕಾಂಡಕ್ಕೆ ಸೀಳಿದ ರಬ್ಬರ್ ಕೊಳವೆಯನ್ನು ಸುರುಳಿಯಾಗಿ ಸುತ್ತಿ ಮೇಣ ಮೆತ್ತಿ, ಕಾಂಡದ ಗುಂಟ ಇಳಿಯುವ ನೀರನ್ನೂ ಹಿಡಿಯಿರಿ.

ಮಳೆನೀರನ್ನೂ ತಿಂಗಳಿಗೊಮ್ಮೆ ಪರೀಕ್ಷೆಗೆ ಕಳಿಸಬೇಕು. ಸಾರಜನಕ ಆಕಾಶದಿಂದಲೂ ಜಮಾ ಆಗುತ್ತದೆ. ಆಲಿಕೆಯಲ್ಲಿ ಹಕ್ಕಿ ಹಿಕ್ಕೆ ಕಂಡರೆ ಅಂದಿನ ನೀರನ್ನು ಅಳೆದು ಚೆಲ್ಲಿಬಿಡಿ, ಪರೀಕ್ಷೆಗೆ ಬೇಡ.

ಹರಿವು ಅಳೆಯುವುದು

ಇಡೀ ಅಧ್ಯಯನದ ಬೆನ್ನೆಲುಬು ಇಲ್ಲಿದೆ. ಹಳ್ಳ ಹತ್ತು ಮೀಟರ್ ನೇರವಾಗಿ ಓಡುವ ಜಾಗ ಹುಡುಕಿ. ದಂಡೆಯಿಂದ ದಂಡೆಗೆ ಹಗ್ಗ ಕಟ್ಟಿ, ಇಪ್ಪತ್ತು ಸೆಂಟಿಮೀಟರಿಗೊಮ್ಮೆ ಆಳ ಅಳೆದು ಅಡ್ಡ ವಿಸ್ತೀರ್ಣ ಲೆಕ್ಕ ಹಾಕಿ. ನಂತರ ಹಣ್ಣಾದ ಕಂಚಿಕಾಯಿಯೊಂದನ್ನು ಮೇಲ್ಗಡೆ ನೀರಿಗೆ ಬಿಡಿ. ಕಂಚಿ ಏಕೆಂದರೆ ಅದು ಹೆಚ್ಚುಕಡಿಮೆ ಮುಳುಗಿ ತೇಲುತ್ತದೆ, ಗಾಳಿಗೆ ಸಿಕ್ಕಿ ಅಡ್ಡ ಹೋಗುವುದಿಲ್ಲ, ಹಳದಿ ಬಣ್ಣ ಕೆಂಪು ನೀರಿನಲ್ಲೂ ಎದ್ದು ಕಾಣುತ್ತದೆ. ಬೆಂಡಿನ ತುಂಡು ಬಿಟ್ಟವರಿಗೆ ಇದರ ಬೆಲೆ ಗೊತ್ತು.

ಎರಡು ಮೀಟರ್ ಅಗಲ, ಸರಾಸರಿ ಕಾಲು ಮೀಟರ್ ಆಳವಿದ್ದರೆ ಅಡ್ಡ ವಿಸ್ತೀರ್ಣ ಅರ್ಧ ಚದರ ಮೀಟರ್. ಹತ್ತು ಮೀಟರ್ ಸಾಗಲು ಕಂಚಿಗೆ 25 ಸೆಕೆಂಡ್ ಹಿಡಿದರೆ ವೇಗ ಸೆಕೆಂಡಿಗೆ 0.4 ಮೀಟರ್. ಮೇಲ್ಪದರದ ನೀರು ಒಳಗಿನದಕ್ಕಿಂತ ಬೇಗ ಓಡುವುದರಿಂದ 0.85ರಿಂದ ಗುಣಿಸಿ. ತಳದಲ್ಲಿ ಕಲ್ಲು ಹೆಚ್ಚಿದ್ದರೆ 0.8 ಅಥವಾ ಅದಕ್ಕೂ ಕಡಿಮೆ. ಈಗ ಹರಿವು ಸೆಕೆಂಡಿಗೆ 0.17 ಘನಮೀಟರ್, ಅಂದರೆ 170 ಲೀಟರ್. ಒಂದೇ ಸಲಕ್ಕೆ ನಂಬಬೇಡಿ. ಎಡ, ನಡು, ಬಲ ಎಂದು ಐದಾರು ಸಲ ಬಿಟ್ಟು ಸರಾಸರಿ ತೆಗೆಯಿರಿ.

ಕಾನಿನ ಬುಡದಲ್ಲಿ ಬಂಡೆಗಳ ನಡುವೆ ನೊರೆಗಟ್ಟಿ ಇಳಿಯುವ ನೀರಿಗೆ ಕಂಚಿ ನಡೆಯುವುದಿಲ್ಲ. ಅಲ್ಲಿ ಉಪ್ಪಿನ ಉಪಾಯ ಮಾಡಿ. ಒಂದು ಕಿಲೋ ಉಪ್ಪನ್ನು ಬಕೆಟ್ ನೀರಿನಲ್ಲಿ ಕರಗಿಸಿ ಒಮ್ಮೆಲೇ ಸುರಿಯಿರಿ. ನೀರು ಚೆನ್ನಾಗಿ ಬೆರೆತುಕೊಳ್ಳುವಷ್ಟು ಕೆಳಗೆ, ನಲವತ್ತು-ಐವತ್ತು ಮೀಟರ್ ದೂರದಲ್ಲಿ, ವಿದ್ಯುತ್ ವಾಹಕತೆಯ ಮೀಟರ್ ಹಿಡಿದು ಐದು ಸೆಕೆಂಡಿಗೊಮ್ಮೆ ಅಂಕಿ ಬರೆದುಕೊಳ್ಳಿ. ಅಂಕಿ ಏರಿ, ಇಳಿದು, ಮೊದಲಿನ ಮಟ್ಟಕ್ಕೆ ಬರುವವರೆಗೂ ಬರೆಯಬೇಕು. ಅದೇ ಹಳ್ಳದ ನೀರಿಗೆ ತೂಕ ಮಾಡಿದ ಉಪ್ಪು ಬೆರೆಸಿ ಮೀಟರಿನ ಅಂಕಿಯನ್ನು ಲೀಟರಿಗೆ ಎಷ್ಟು ಮಿಲಿಗ್ರಾಂ ಉಪ್ಪು ಎಂಬುದಕ್ಕೆ ಪರಿವರ್ತಿಸಿಕೊಳ್ಳಿ. ಪ್ರತಿ ಐದು ಸೆಕೆಂಡಿನ ಹೆಚ್ಚುವರಿ ಉಪ್ಪನ್ನು ಐದರಿಂದ ಗುಣಿಸಿ ಎಲ್ಲವನ್ನೂ ಕೂಡಿಸಿದಾಗ ಬಂದ ಮೊತ್ತ 20,000 ಎಂದುಕೊಳ್ಳಿ. ಸುರಿದ ಹತ್ತು ಲಕ್ಷ ಮಿಲಿಗ್ರಾಂ ಉಪ್ಪನ್ನು ಅದರಿಂದ ಭಾಗಿಸಿದರೆ ಹರಿವು ಸೆಕೆಂಡಿಗೆ 50 ಲೀಟರ್.

ದಿನವೂ ಇಷ್ಟೆಲ್ಲ ಮಾಡಲಾಗದು, ಮಾಡಲೂ ಬೇಕಿಲ್ಲ. ಸಂಕದ ಕಂಬಕ್ಕೆ ಸೆಂಟಿಮೀಟರ್ ಗುರುತಿರುವ ಪಟ್ಟಿಯನ್ನು ಭದ್ರವಾಗಿ ಬಡಿಯಿರಿ. ನಾವು ಮೊದಲ ವರ್ಷ ಬಿದಿರಿನ ಕೋಲಿಗೆ ಬಣ್ಣ ಬಳಿದು ಹಳ್ಳದ ನಡುವೆ ನೆಟ್ಟಿದ್ದೆವು. ಆಶ್ಲೇಷ ಮಳೆಯ ಒಂದು ರಾತ್ರಿ ಅದು ಹೋದದ್ದು ಹೋಯಿತೇ. ಹರಿವನ್ನು ಬೇರೆ ಬೇರೆ ಮಟ್ಟಗಳಲ್ಲಿ ಹತ್ತು-ಹನ್ನೆರಡು ಸಲ ಅಳೆದು, ಮಟ್ಟ ಎಷ್ಟಿದ್ದಾಗ ಹರಿವು ಎಷ್ಟು ಎಂಬುದನ್ನು ಗ್ರಾಫ್ ಹಾಳೆಯ ಮೇಲೆ ಗೆರೆಯಾಗಿ ಎಳೆದಿಟ್ಟುಕೊಂಡರೆ, ಆಮೇಲೆ ಬೆಳಿಗ್ಗೆ-ಸಂಜೆ ಪಟ್ಟಿ ಓದಿದರೆ ಸಾಕು. ನೆರೆಯ ದಿನ ನೀರಿಗೆ ಇಳಿಯಬೇಡಿ. ಮೊಣಕಾಲು ದಾಟಿದ ಕೆಂಪು ನೀರಿನಲ್ಲಿ ತಳ ಕಾಣುವುದಿಲ್ಲ. ಅಂದಿನ ಅಳತೆಯೇನಿದ್ದರೂ ಸಂಕದ ಮೇಲಿನಿಂದ ಮಾತ್ರ.

ಬಾಟಲಿಯ ಶಿಸ್ತು

ಮೊದಲ ಬಾರಿ ನಮ್ಮ ಮಾದರಿಗಳಲ್ಲಿ ಫಾಸ್ಫೇಟ್ ಎಷ್ಟು ಬಂದಿತ್ತೆಂದರೆ, ಕಾನಿನ ಬುಡದ ತಿಳಿನೀರು ಪಟ್ಟಣದ ಚರಂಡಿಯನ್ನೂ ಮೀರಿಸಿತ್ತು. ಎರಡು ದಿನ ತಲೆ ಕೆರೆದುಕೊಂಡ ಮೇಲೆ ತಿಳಿಯಿತು: ಬಾಟಲಿಗಳನ್ನು ಮನೆಯಲ್ಲಿ ಬಟ್ಟೆ ಒಗೆಯುವ ಪುಡಿ ಹಾಕಿ ಫಳಫಳ ಹೊಳೆಯುವಂತೆ ತೊಳೆದಿದ್ದರು. ಸೋಪು ಬೇಡ. ಕಾಲೇಜಿನ ಪ್ರಯೋಗಾಲಯದಲ್ಲಿ ತೆಳು ಹೈಡ್ರೋಕ್ಲೋರಿಕ್ ಆಮ್ಲದಿಂದ ತೊಳೆದು, ಬಟ್ಟಿ ಇಳಿಸಿದ ನೀರಿನಲ್ಲಿ ಹಲವು ಸಲ ಜಾಲಾಡಿಸಿ. ಆಮ್ಲದಲ್ಲಿ ಕ್ಲೋರೈಡ್ ಇರುವುದರಿಂದ ಈ ಜಾಲಾಟದಲ್ಲಿ ಜಿಪುಣತನ ಮಾಡಬಾರದು. ಹಳ್ಳದ ಬಳಿ ಅದೇ ಹಳ್ಳದ ನೀರಿನಿಂದ ಮೂರು ಸಲ ತೊಳೆದು ನಂತರ ತುಂಬಿ. ನಿಮ್ಮ ಕಾಲು ಕಲಕಿದ ಕೆಸರು ಬಾಟಲಿ ಸೇರದಂತೆ ಹರಿವಿಗೆ ಎದುರಾಗಿ ನಿಂತು ತುಂಬಬೇಕು. 0.45 ಮೈಕ್ರಾನ್ ಸೋಸುಪೊರೆಯಲ್ಲಿ ಸೋಸಿದ ಒಂದು ಬಾಟಲಿ, ಸೋಸದ ಇನ್ನೊಂದು. ಎರಡನ್ನೂ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಕತ್ತಲಲ್ಲಿಟ್ಟು 48 ಗಂಟೆಯೊಳಗೆ ಪ್ರಯೋಗಾಲಯಕ್ಕೆ ಮುಟ್ಟಿಸಿ.

ಸೋಸದ ಬಾಟಲಿ ಏಕೆ ಬೇಕು ಎಂದರೆ, ರಂಜಕ (ಫಾಸ್ಫೇಟಿನೊಳಗಿರುವ ಫಾಸ್ಫರಸ್) ಒಂಟಿಯಾಗಿ ಪ್ರಯಾಣ ಮಾಡುವುದು ಕಡಿಮೆ. ನಮ್ಮ ಜಂಬಿಟ್ಟಿಗೆ ನೆಲದ ಕಬ್ಬಿಣ, ಅಲ್ಯೂಮಿನಿಯಂ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತವೆ, ಹಾಗಾಗಿ ಅದು ಕೆಂಪು ಮಣ್ಣಿನ ಬೆನ್ನೇರಿ ಹೋಗುತ್ತದೆ. ನೈಟ್ರೇಟ್ ಹಾಗಲ್ಲ, ನೀರಿನಲ್ಲಿ ಕರಗಿ ಮಣ್ಣಿನೊಳಗಿಂದ ಜಿನುಗಿ ಬರುತ್ತದೆ. ಆದ್ದರಿಂದ ಒಂದೇ ಮಳೆಯಲ್ಲಿ ಎರಡೂ ಬರುವ ಹೊತ್ತು ಬೇರೆ. ಮಟ್ಟ ಏರುವಾಗಿನ ಕೆಂಪು ನೀರಿನಲ್ಲಿ ರಂಜಕ ಹೆಚ್ಚು. ಮಳೆ ನಿಂತು ಮಟ್ಟ ಇಳಿಯುವಾಗ, ನೀರು ತಿಳಿಯಾಗುತ್ತಿರುವಂತೆ, ನೈಟ್ರೇಟ್ ಮೇಲೇಳುವುದುಂಟು. ಭಾನುವಾರ ಬೆಳಿಗ್ಗೆ ಮಾತ್ರ ಬಾಟಲಿ ಹಿಡಿದು ಹೋಗುವವರಿಗೆ ಇವೆರಡೂ ಸಿಗುವುದಿಲ್ಲ. ವರ್ಷದ ರಂಜಕದ ಬಹುಪಾಲು ಬೆರಳೆಣಿಕೆಯ ದೊಡ್ಡ ಮಳೆಗಳಲ್ಲೇ ಹೋಗಿಬಿಡುತ್ತದೆ, ಆ ಮಳೆಗಳು ಸಾಮಾನ್ಯವಾಗಿ ನಡುರಾತ್ರಿ ಬರುತ್ತವೆ.

ರಾತ್ರಿ ಹಳ್ಳದ ಬಳಿ ಕಾಯುವ ಬದಲು ಒಂದು ಹಂಚಿಕೆ ಮಾಡಬಹುದು. ದಪ್ಪ ಕಂಬಕ್ಕೆ ಅರ್ಧ ಅಡಿಗೊಂದರಂತೆ ಬಾಟಲಿ ಕಟ್ಟಿ. ಪ್ರತಿ ಬಾಟಲಿಯ ಬಿರಡೆಯಲ್ಲಿ ಎರಡು ಬಾಗಿದ ಕೊಳವೆಗಳು: ತಗ್ಗಿನದು ನೀರು ಒಳಗೆ ಬರಲು, ಎತ್ತರದ್ದು ಗಾಳಿ ಹೊರಗೆ ಹೋಗಲು. ನೀರು ಏರುತ್ತ ಬಂದಂತೆ ಬಾಟಲಿಗಳು ಒಂದೊಂದಾಗಿ ತುಂಬಿ ತಾವೇ ಮುಚ್ಚಿಕೊಳ್ಳುತ್ತವೆ. ಬೆಳಿಗ್ಗೆ ಹೋದಾಗ ಏರುವ ನೆರೆಯ ನಾಲ್ಕು ಹಂತಗಳು ನಾಲ್ಕು ಬಣ್ಣದಲ್ಲಿ ಸಾಲಾಗಿ ನಿಂತಿರುತ್ತವೆ. ಇಳಿಯುವ ನೀರನ್ನು ಆಗ ಕೈಯಿಂದಲೇ ಹಿಡಿಯಿರಿ. ಬೇಸಿಗೆ ಕಳೆದು ಬರುವ ಮೊದಲ ಎರಡು ಮಳೆಗಳನ್ನಂತೂ ತಪ್ಪಿಸಬೇಡಿ. ಒಣಗಿದ ಮಣ್ಣು ನೆನೆದೊಡನೆ ಸೂಕ್ಷ್ಮಜೀವಿಗಳು ಮೈಕೊಡವಿ ಏಳುತ್ತವೆ, ಬೇಸಿಗೆಯಿಡೀ ಕೂಡಿಬಿದ್ದ ನೈಟ್ರೇಟ್ ಆಗ ಹೊರಡುತ್ತದೆ.

ನೋಡಬೇಕಾದದ್ದು ನೈಟ್ರೇಟ್, ಅಮೋನಿಯಂ, ಕರಗಿದ ಫಾಸ್ಫೇಟ್, ಒಟ್ಟು ರಂಜಕ, ಕ್ಲೋರೈಡ್, ತೇಲುವ ಮಣ್ಣು. ಅಕ್ವೇರಿಯಂ ಅಂಗಡಿಯ ಬಣ್ಣದ ಕಿಟ್ ತೋಟದ ಬಸಿಗಾಲುವೆಗೆ ನಡೆದೀತು. ಕಾನಿನ ನೀರಿಗೆ ಅದರ ಕಣ್ಣು ಸಾಲದು. ಬಣ್ಣ ಬರದಿದ್ದರೆ ಪುಸ್ತಕದಲ್ಲಿ 'ಸೊನ್ನೆ' ಎಂದು ಬರೆಯಬೇಡಿ, 'ಕಿಟ್ಟಿನ ಮಿತಿಗಿಂತ ಕಡಿಮೆ' ಎಂದು ಬರೆಯಿರಿ.

ಹೆಡಿಗೆಯಲ್ಲಿ ಸಾಗುವ ಪೋಷಕಾಂಶ

ಪುಸ್ತಕಗಳು ಕಾಡಿನಿಂದ ಪೋಷಕಾಂಶ ನೀರಿನ ದಾರಿಯಲ್ಲಿ ಇಳಿಯುತ್ತದೆ ಎನ್ನುತ್ತವೆ. ನಮ್ಮಲ್ಲಿ ಅದು ಹೆಡಿಗೆಯಲ್ಲೂ (ದೊಡ್ಡ ಬುಟ್ಟಿಯಲ್ಲೂ) ಇಳಿಯುತ್ತದೆ. ಸೊಪ್ಪಿನಬೆಟ್ಟದಿಂದ ಹಸಿ ಸೊಪ್ಪು, ದರಕು ಕೊಟ್ಟಿಗೆಗೆ ಬಂದು, ದನಗಳ ಕಾಲಡಿ ಗೊಬ್ಬರವಾಗಿ ತೋಟ ಸೇರುತ್ತದೆ. ಇದನ್ನು ಬಿಟ್ಟರೆ ಮಲೆನಾಡಿನ ಯಾವ ಹಳ್ಳದ ಲೆಕ್ಕವೂ ಕೂಡುವುದಿಲ್ಲ. ಮನೆಯವರನ್ನು ಕೇಳಿ ವರ್ಷಕ್ಕೆ ಎಷ್ಟು ಹೊರೆ ಎಂದು ಬರೆದುಕೊಳ್ಳಿ, ಹತ್ತು ಹೊರೆ ತೂಗಿ, ಒಂದಿಷ್ಟು ಸೊಪ್ಪನ್ನು ಒಣಗಿಸಿ ಒಣತೂಕ ಕಂಡುಕೊಳ್ಳಿ. ಒಣಎಲೆಯಲ್ಲಿ ಸಾರಜನಕ ಶೇ 1.5 ಎಂದು ಹಿಡಿದರೂ ಒಂದು ಟನ್ನಿಗೆ 15 ಕಿಲೋ ಆಯಿತು. ಕೊಂಡು ತಂದ ಗೊಬ್ಬರದ ಚೀಲಗಳ ಲೆಕ್ಕ ಸೊಸೈಟಿಯ ರಸೀದಿಯಲ್ಲೇ ಸಿಗುತ್ತದೆ.

ದರಕು ಎಷ್ಟು ಬೇಗ ಕೊಳೆಯುತ್ತದೆ ಎಂದು ತಿಳಿಯಲು ಹತ್ತು ಗ್ರಾಂ ಒಣಎಲೆಯನ್ನು ಎರಡು ಮಿಲಿಮೀಟರ್ ಕಣ್ಣಿನ ನೈಲಾನ್ ಚೀಲದಲ್ಲಿ ಹೊಲಿದು ಕಾನಿನಲ್ಲೂ ಬೆಟ್ಟದಲ್ಲೂ ಹಳ್ಳದ ತಳದಲ್ಲೂ ಇಡಿ. ತಿಂಗಳಿಗೆ ಮೂರರಂತೆ ತೆಗೆದು, ಮಣ್ಣು ತೊಳೆದು, ಒಣಗಿಸಿ ತೂಗಿ. ತೋಟಕ್ಕೆ ಬೋರ್ಡೋ ದ್ರಾವಣ ಹೊಡೆದ ದಿನವನ್ನೂ ಗುರುತು ಹಾಕಿಕೊಳ್ಳಿ. ಅದರ ಸುಣ್ಣ, ಮೈಲುತುತ್ತ ಮಳೆಗೆ ತೊಳೆದು ಬಂದರೆ ಹಳ್ಳದ ವಾಹಕತೆ, ಕ್ಷಾರತೆ ಒಮ್ಮೆಲೇ ಏರಿ ನಿಮ್ಮನ್ನು ದಾರಿ ತಪ್ಪಿಸಬಹುದು.

ಕೆರೆ ಏನು ಮಾಡುತ್ತದೆ

ಕೆರೆಯ ಬಾಯಿಯಲ್ಲಿ ನೈಟ್ರೇಟ್ ಹೆಚ್ಚು, ಕೋಡಿಯಲ್ಲಿ ಕಡಿಮೆ ಬಂದರೆ 'ಜವುಗು ನೀರನ್ನು ಶುದ್ಧ ಮಾಡಿತು' ಎಂದು ಬರೆದು ಮುಗಿಸುವವರೇ ಹೆಚ್ಚು. ನಡುವೆ ಬೇರೆ ಒರತೆಯ ತಿಳಿನೀರು ಬಂದು ಸೇರಿ ತೆಳುವಾಗಿದ್ದರೂ ಅಂಕಿ ಹಾಗೆಯೇ ಬರುತ್ತದೆ. ಇದನ್ನು ಬಿಡಿಸಲು ಕ್ಲೋರೈಡ್ ಇದೆ. ಅದನ್ನು ಗಿಡವಾಗಲಿ ಸೂಕ್ಷ್ಮಜೀವಿಯಾಗಲಿ ಹೆಚ್ಚು ಮುಟ್ಟುವುದಿಲ್ಲ. ಒಂದು ಉದಾಹರಣೆ: ಬಾಯಿಯಲ್ಲಿ ನೈಟ್ರೇಟ್ ರೂಪದ ಸಾರಜನಕ ಲೀಟರಿಗೆ 3 ಮಿಲಿಗ್ರಾಂ, ಕ್ಲೋರೈಡ್ 12, ಕೋಡಿಯಲ್ಲಿ ಅವು 1 ಮತ್ತು 8. ಕ್ಲೋರೈಡ್ ಮೂರರಲ್ಲಿ ಎರಡು ಪಾಲಿಗೆ ಇಳಿದದ್ದು ಬರೀ ತೆಳುವಾದದ್ದರಿಂದ. ಅಷ್ಟೇ ಆಗಿದ್ದರೆ ಸಾರಜನಕ 2 ಇರಬೇಕಿತ್ತು, ಇರುವುದು 1. ಉಳಿದ ಒಂದು ಮಿಲಿಗ್ರಾಂ ಮಾತ್ರ ಕೆರೆಯ ನಿಜವಾದ ದುಡಿಮೆ. ಒಂದು ಎಚ್ಚರಿಕೆ: ತೋಟಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರ ಸಾಮಾನ್ಯವಾಗಿ ಪೊಟ್ಯಾಶಿಯಂ ಕ್ಲೋರೈಡ್. ಅದನ್ನು ಹಾಕಿದ ವಾರಗಳಲ್ಲಿ ಈ ಲೆಕ್ಕ ನೆಚ್ಚಬೇಡಿ.

ಆ ಸಾರಜನಕ ಹೋದದ್ದಾದರೂ ಎಲ್ಲಿಗೆ? ಒಂದಷ್ಟು ಜೊಂಡು, ಪಾಚಿಯ ಮೈಗೆ. ಇನ್ನೊಂದಷ್ಟನ್ನು ಗಾಳಿಯಾಡದ ಕೆಸರಿನ ಬ್ಯಾಕ್ಟೀರಿಯಾಗಳು ಸಾರಜನಕ ಅನಿಲ ಮಾಡಿ ಆಕಾಶಕ್ಕೆ ಬಿಟ್ಟುಬಿಡುತ್ತವೆ. ರಂಜಕಕ್ಕೆ ಈ ಬಾಗಿಲಿಲ್ಲ. ಅದು ಕೆಸರಿನಲ್ಲಿ ಕಬ್ಬಿಣವನ್ನು ಅಪ್ಪಿಕೊಂಡು ಕೂರುತ್ತದೆ, ಕೆರೆಯ ತಳದಲ್ಲಿ ಆಮ್ಲಜನಕ ತೀರಿದ ದಿನ ಕಬ್ಬಿಣ ಕರಗಿ ರಂಜಕ ಮತ್ತೆ ನೀರಿಗೆ ಬರುತ್ತದೆ. ಹೂಳು ತುಂಬಿದ ಕೆರೆ ಹೊಸ ಕೊಳೆ ಬರದಿದ್ದರೂ ಹಸಿರುಗಟ್ಟುವ ಗುಟ್ಟು ಇದೇ. ಹೀಗಾಗಿ ಕೆರೆಯ ಆಮ್ಲಜನಕವನ್ನು ಬೆಳಗಾಗುವ ಮುನ್ನ ಅಳೆಯಿರಿ. ರಾತ್ರಿಯಿಡೀ ಪಾಚಿಯೂ ಮೀನೂ ಉಸಿರಾಡಿ ಅದು ಅತಿ ಕಡಿಮೆ ಇರುವ ಹೊತ್ತು ಅದು. ಮಧ್ಯಾಹ್ನದ ಅಂಕಿ ಚೆಂದವಾಗಿ ಕಾಣುತ್ತದೆ, ಉಪಯೋಗಕ್ಕೆ ಬರುವುದಿಲ್ಲ. ಬೆಂಗಳೂರಿನಲ್ಲಿರುವವರು ಜಕ್ಕೂರು ಕೆರೆಯ ಬಾಯಲ್ಲಿರುವ ನಿರ್ಮಿತ ಜವುಗನ್ನೂ ನೊರೆ ಉಕ್ಕಿಸಿ ಸುದ್ದಿಯಾದ ಬೆಳ್ಳಂದೂರನ್ನೂ ಒಮ್ಮೆ ನೋಡಿ ಬಂದರೆ ಈ ಪ್ಯಾರಾ ತಾನಾಗಿ ಅರ್ಥವಾಗುತ್ತದೆ.

ಖಾತೆ ಕೂಡಿಸುವುದು

ನೂರು ಹೆಕ್ಟೇರಿಗೆ 3,000 ಮಿಲಿಮೀಟರ್ ಮಳೆ ಬಂದರೆ 30 ಲಕ್ಷ ಘನಮೀಟರ್ ನೀರು ಜಮಾ. ಹಳ್ಳದ ಬಾಯಿಂದ ಹೋದದ್ದನ್ನು ಕಳೆಯಿರಿ. ಉಳಿದದ್ದರಲ್ಲಿ ಮರ-ಗಿಡ ಉಸಿರಾಡಿ ಬಿಟ್ಟದ್ದು, ನೆಲದಾಳಕ್ಕೆ ಇಳಿದದ್ದು ಎರಡೂ ಸೇರಿವೆ. ಲೆಕ್ಕದ ವರ್ಷವನ್ನು ಜನವರಿಯಿಂದ ಬೇಡ, ಜೂನ್‌ನಿಂದ ಮೇವರೆಗೆ ಹಿಡಿಯಿರಿ. ಮೇ ಕೊನೆಗೆ ನೆಲದೊಳಗಿನ ದಾಸ್ತಾನು ಪ್ರತಿ ವರ್ಷವೂ ಸರಿಸುಮಾರು ತಳ ಕಂಡಿರುತ್ತದೆ.

ಪೋಷಕಾಂಶಕ್ಕೆ ದರವನ್ನು ಹರಿವಿನಿಂದ ಗುಣಿಸಿ. ಲೀಟರಿಗೆ 2 ಮಿಲಿಗ್ರಾಂ, ಸೆಕೆಂಡಿಗೆ 50 ಲೀಟರ್ ಎಂದರೆ ಸೆಕೆಂಡಿಗೆ 100 ಮಿಲಿಗ್ರಾಂ, ದಿನಕ್ಕೆ 8.64 ಕಿಲೋ. ಪ್ರಯೋಗಾಲಯದ ವರದಿಯಲ್ಲಿ 'ನೈಟ್ರೇಟ್' ಎಂದಿದೆಯೋ 'ನೈಟ್ರೇಟ್ ರೂಪದ ಸಾರಜನಕ' ಎಂದಿದೆಯೋ ಎರಡು ಸಲ ಓದಿ. ಮೊದಲನೆಯದಾದರೆ 4.43ರಿಂದ ಭಾಗಿಸಿದಾಗ ಸಾರಜನಕ ಬರುತ್ತದೆ. ಫಾಸ್ಫೇಟಿನಿಂದ ರಂಜಕಕ್ಕೆ 3.07. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ 45 ಮಿಲಿಗ್ರಾಂ ಇರುವುದು ನೈಟ್ರೇಟಿಗೆ, ಸಾರಜನಕಕ್ಕಲ್ಲ. ಇದನ್ನು ಅದಲುಬದಲು ಮಾಡಿ ಊರನ್ನು ಹೆದರಿಸಿದವರೂ ಇದ್ದಾರೆ, ಸುಮ್ಮನಿರಿಸಿದವರೂ ಇದ್ದಾರೆ.

ಜಮಾ-ಖರ್ಚು ಎರಡೂ ಕಡೆ ಸಮ ಬರುವುದಿಲ್ಲ. ಬಂದರೆ ಎಲ್ಲೋ ತಪ್ಪಾಗಿದೆ ಎಂದು ನಾನು ಅನುಮಾನ ಪಡುತ್ತೇನೆ. ಕೆಸರಿನಿಂದ ಆಕಾಶಕ್ಕೆ ಹೋದ ಸಾರಜನಕ, ಬೇರಿನ ಗಂಟುಗಳು ಆಕಾಶದಿಂದ ಇಳಿಸಿಕೊಂಡದ್ದು, ಕೊಯ್ದ ಅಡಿಕೆಯಲ್ಲಿ ಮಂಡಿಗೆ ಹೋದದ್ದು ಇವುಗಳಿಗೆ ಒಂದೊಂದು ಸಾಲು ಖಾಲಿ ಬಿಡಿ. ಓದಲು ಆಗದ ದಿನಗಳ ಮಟ್ಟವನ್ನು ಅಂದಾಜಿನಿಂದ ತುಂಬಿದರೆ ಕೆಂಪು ಶಾಯಿಯಲ್ಲಿ ತುಂಬಿ.

ಮಳೆಗಾಲ ಮುಗಿಯುವ ಹೊತ್ತಿಗೆ ಹಳ್ಳದ ತಳ ಮೊದಲಿನಂತಿರುವುದಿಲ್ಲ; ಒಂದು ಕಡೆ ಮರಳು ಕೂತಿರುತ್ತದೆ, ಇನ್ನೊಂದು ಕಡೆ ಕೊರೆದಿರುತ್ತದೆ. ಮೇ ತಿಂಗಳಲ್ಲಿ ಹಗ್ಗ ಕಟ್ಟಿ ಆಳವನ್ನು ಮತ್ತೆ ಅಳೆಯಿರಿ, ಪಟ್ಟಿ ವಾಲಿದ್ದರೆ ಸರಿಪಡಿಸಿ. ಜೂನ್‌ನಿಂದ ಹರಿವನ್ನು ಹೊಸದಾಗಿ ಅಳೆದು ಹೊಸ ಗೆರೆ ಎಳೆಯಿರಿ. ಹಳೆಯ ಹಾಳೆಯನ್ನು ಹರಿಯಬೇಡಿ. ಯಾವ ತಾರೀಖಿನವರೆಗೆ ಅದು ಚಾಲ್ತಿಯಲ್ಲಿತ್ತು ಎಂದು ಮೇಲೆ ಬರೆದು ಖಾತೆ ಪುಸ್ತಕದೊಳಗೆ ಮಡಚಿಡಿ.